ಮುಂದೆ ಓದುವ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಬಿ.ಎಸ್ಸಿ. ಆದ ಮೇಲೆ ಕೆಮಿಸ್ಟ್ರಿ ಎಂ.ಎಸ್ಸಿ. ಎಲ್ಲಿ ಮಾಡಲಿ ಅಂತ ಕೇಳಿದ್ದೀಯ. ನಿಮ್ಮಪ್ಪನಿಗೆ ಶಂಕರಘಟ್ಟವೇ ಸಾಕು, ಕುವೆಂಪು ವಿ.ವಿ.ಯಾದರೆ ಶನಿವಾರ ಮನೆಗೆ ಬರಬಹುದಂತೆ. ಅವರಿಗೆ ನಿನ್ನ ಊಟದ್ದೇ ಚಿಂತೆ. ಕಾಲೇಜಿನ ಆಫೀಸಿನಲ್ಲಿ ಕೂತು ಕೂತು ನನಗೆ ಬೇರೆ ಬುದ್ಧಿ ಬಂದಿದೆ: ಆರಿಸೋದು ಆಮೇಲೆ, ಮೊದಲು ಅರ್ಜಿ ಹಾಕು.

ಐಐಟಿಗಳ ಎಂ.ಎಸ್ಸಿ. ಪ್ರವೇಶಕ್ಕೆ ಬರೆಯೋ ಜಾಮ್ ಪರೀಕ್ಷೆ ಫೆಬ್ರವರಿಗಾದರೂ ಅರ್ಜಿ ಕರೆಯೋದು ಹಿಂದಿನ ಸೆಪ್ಟೆಂಬರ್ ಹೊತ್ತಿಗೇ. ಫಲಿತಾಂಶ ಬರಲಿ ನೋಡೋಣ ಅಂತ ಕೂತವರಿಗೆ ಆ ದಾರಿ ಮುಚ್ಚಿಹೋಗಿರುತ್ತೆ. ಐಐಟಿಗಳ ಎಂ.ಎಸ್ಸಿ.ಗಷ್ಟೇ ಅಲ್ಲ, ಬೆಂಗಳೂರಿನ ಐಐಎಸ್‌ಸಿಯ ಎಂ.ಎಸ್ಸಿ.ಯೂ ಸೇರಿದ ಇಂಟಿಗ್ರೇಟೆಡ್ ಪಿಎಚ್‌.ಡಿ.ಗೂ ಅದೇ ಅಂಕ ಬೇಕು. ಕಲಬುರಗಿಯ ಕೇಂದ್ರೀಯ ವಿ.ವಿ.ಗೆ ಸಿಯುಇಟಿ ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು.

ಪಿಎಚ್‌.ಡಿ. ಅಂದರೆ ಕಡಿಮೆ ಅಂದರೂ ಮೂರು ವರ್ಷ, ಮಾಮೂಲಿಯಾಗಿ ಆರರವರೆಗೂ ಅವಕಾಶ. ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ. ಅದನ್ನೇ ನೋಡಿಕೊಂಡು ಹೋಗಬೇಡ. ಗೈಡ್ ಎಂಥವರು, ಡ್ರಾಫ್ಟ್ ಕೊಟ್ಟರೆ ಎಷ್ಟು ದಿನಕ್ಕೆ ಓದಿ ಕೊಡ್ತಾರೆ, ಲ್ಯಾಬಿಗೆ ಕೆಮಿಕಲ್ ಹೊತ್ತಿಗೆ ಬರುತ್ತಾ ಅಂತ ಅಲ್ಲಿಯ ಸೀನಿಯರ್‌ಗಳನ್ನೇ ವಿಚಾರಿಸು. ವಿ.ವಿ.ಯ ಹೆಸರಿಗಿಂತ ನನಗೆ ಅದೇ ಮುಖ್ಯ.

ಸೀಟು ಸಿಕ್ಕ ಮೇಲೆ ನಿನ್ನ ಹೊಣೆ. ಶೇ. 75 ಹಾಜರಾತಿ ಇಲ್ಲದೆ ಹಾಲ್ ಟಿಕೆಟ್ ತಡೆದರು ಅಂತ ಪರೀಕ್ಷೆಯ ಹಿಂದಿನ ದಿನ ನಮ್ಮ ಕಿಟಕಿ ಮುಂದೆ ಅಳೋ ಮಕ್ಕಳನ್ನು ಪ್ರತಿ ಸಲ ನೋಡ್ತೀನಿ. ಒಬ್ಬ ಮೆಡಿಕಲ್ ಸರ್ಟಿಫಿಕೇಟ್ ತಂದಿದ್ದ. ಟೈಫಾಯಿಡ್ ಅಂತ ಬರೆಸಿದ್ದ ದಿನವೇ ಅವನ ಪ್ರಾಕ್ಟಿಕಲ್ ರೆಕಾರ್ಡಿಗೆ ಮೇಷ್ಟ್ರ ಸಹಿ ಬಿದ್ದಿತ್ತು!

ಪ್ರಾಜೆಕ್ಟ್ ರಿಪೋರ್ಟನ್ನು ನೀನೇ ಬರಿ. ವಿ.ವಿ.ಗಳಿಗೆ ನಿಯಮ ಮಾಡೋ ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ರ‍್ಯಾಗಿಂಗ್ ಮಾಡಲ್ಲ ಅಂತ ಪ್ರತಿ ವರ್ಷ ನೀನೂ ಬರೆದುಕೊಡಬೇಕು, ನಾವೂ ಬರೆದುಕೊಡಬೇಕು. ಓದದೆ ಟಿಕ್ ಮಾಡಬೇಡ. ನಿನ್ನನ್ನೇ ಯಾರಾದರೂ ಪೀಡಿಸಿದರೆ ನೀನು ಕೇಳೋ ನ್ಯಾಯವೂ ಆ ನಿಯಮದಲ್ಲೇ ಇದೆ.

ಒಂದು ಕಡೆ ಫೀಸ್ ಕಟ್ಟಿದ ಮೇಲೆ ಇನ್ನೊಂದು ಕಡೆ ಸೀಟು ಸಿಕ್ಕಿದರೆ ಗಾಬರಿಯಾಗಬೇಡ. ಪ್ರವೇಶದ ಕೊನೇ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ ವಾಪಸ್ ಕೊಡಬೇಕು ಅಂತ ಯುಜಿಸಿ ಹೇಳಿದೆ, ತಡವಾದಷ್ಟೂ ಕಡಿತ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಪರಿಶೀಲಿಸಿ ಅಲ್ಲೇ ಹಿಂದಿರುಗಿಸಬೇಕು, ಇಟ್ಟುಕೊಳ್ಳೋ ಹಾಗಿಲ್ಲ. ಕೇಳೋಕೆ ಸಂಕೋಚಪಡಬೇಡ, ನಮ್ಮಂಥ ಗುಮಾಸ್ತರು ಗದರಿದರೂ ಸರಿಯೇ.

ಆದಾಯ ಪ್ರಮಾಣಪತ್ರಕ್ಕೆ ಅಪ್ಪ ಸೋಮವಾರ ನಾಡಕಚೇರಿಗೆ ಹೋಗ್ತಾರೆ. ನೀನು ಜಾಮ್ ಅರ್ಜಿಗೆ ಹೊಸ ಫೋಟೋ ತೆಗೆಸಿಕೋ, ಹಾಸ್ಟೆಲಿಗೆ ಕೊಟ್ಟದ್ದು ಬೇಡ, ಅದರಲ್ಲಿ ಅರ್ಧ ಮುಖ ಕೂದಲೇ. ಶುಲ್ಕದ ದುಡ್ಡು ನಾಳೆ ಫೋನ್‌ಪೇ ಮಾಡ್ತೀನಿ.

ನಿನ್ನ
ಅಮ್ಮ