ಮಗಳಿಗೊಂದು ಪತ್ರ: ಬ್ಯಾನರ್ ಮೇಲೆ ಯಾರ ಹೆಸರು?

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ನಿನಗೆ ಮೀಟಿಂಗ್ ಇತ್ತು, ನನಗೆ ಒಲೆ ಮೇಲೆ ಹಾಲಿಟ್ಟಿದ್ದು ನೆನಪಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಶನಿವಾರದ ಓದುವ ಗುಂಪಿಗೆ ಎಲ್ಲ ಥರದ ಮನೆಯ ಮಕ್ಕಳೂ ಬರುತ್ತಾರೆ. ಅದರಲ್ಲಿ ಒಂದು ಮಗುವಿಗೆ ಇಬ್ಬರು ಅಮ್ಮಂದಿರು, ಅವರಿಬ್ಬರೂ ಸಂಗಾತಿಗಳು. ಈಗ ಒಂದು ಸಂಸ್ಥೆ, ವರ್ಷದ ಖರ್ಚೆಲ್ಲ ನಾವು ಕೊಡುತ್ತೇವೆ, ನಮ್ಮ ಬ್ಯಾನರ್ ಹಾಕಿ ಎಂದು ಬಂದಿದೆ. ಅದೇ ಸಂಸ್ಥೆ ಬೇರೆ ಕಡೆ, ಅಂಥ ಮನೆ ಮನೆಯೇ ಅಲ್ಲ ಎಂದು ಪ್ರಚಾರ ಮಾಡುತ್ತದೆ. ನಿಮ್ಮಲ್ಲಿ ಅರ್ಧ ಜನ ‘ದುಡ್ಡಿಗೇನು ಬಣ್ಣ, ಒಳ್ಳೇ ಕೆಲಸಕ್ಕೆ ತಾನೇ’ ಅನ್ನುತ್ತಿದ್ದಾರೆ. ನೀನು ಎರಡರ ಮಧ್ಯೆ ಸಿಕ್ಕಿಕೊಂಡಿದ್ದೀಯ.

ನನ್ನನ್ನು ಕೇಳಿದರೆ, ತಗೋಬೇಡಿ.

ನಮ್ಮ ಬಡಾವಣೆಯ ರಾಜ್ಯೋತ್ಸವ ಸಮಿತಿಯ ಲೆಕ್ಕ ನಾನು ನೋಡುತ್ತಿದ್ದದ್ದು ನಿನಗೆ ನೆನಪಿರಬೇಕು. ಊಟದ ಮೇಜಿನ ಮೇಲೆ ರಸೀದಿ ಪುಸ್ತಕ, ಮಧ್ಯೆ ಕಾರ್ಬನ್ ಹಾಳೆ, ನಿನ್ನ ಹೋಂವರ್ಕ್ ಮೇಲೆಲ್ಲ ನೀಲಿ ಬೆರಳಚ್ಚು. ಹಿಟ್ಟಿನ ಗಿರಣಿಯವರು ನೂರೊಂದು, ಟೈಲರ್ ಐವತ್ತೊಂದು, ಹೀಗೇ ಹಬ್ಬ ನಡೆಯುತ್ತಿತ್ತು. ಆಮೇಲೆ ಲೇಔಟ್ ಮಾಡುವವರೊಬ್ಬರು ಬಂದು ಶಾಮಿಯಾನ, ಸೌಂಡ್ ಸಿಸ್ಟಮ್, ಊಟ ಎಲ್ಲ ನಂದೇ ಅಂದರು. ಆ ವರ್ಷದ ಫ್ಲೆಕ್ಸ್ ನೋಡಬೇಕಿತ್ತು! ತಾಯಿ ಭುವನೇಶ್ವರಿ ಮೂಲೆಯಲ್ಲಿ ಗೇಣುದ್ದ, ಇವರು ಕೈಮುಗಿದುಕೊಂಡು ಆಳೆತ್ತರ. ನಕ್ಕು ಸುಮ್ಮನಾದೆವು. ಮುಂದಿನ ವರ್ಷ ಕೆರೆ ಒತ್ತುವರಿ ಬಗ್ಗೆ ನಾಟಕ ಆಡುವ ಹುಡುಗರನ್ನು ಕರೆಯೋಣ ಅಂತಿತ್ತು. ಲೇಔಟಿನವರೇನೂ ಬೇಡ ಅನ್ನಲಿಲ್ಲ. ಅವರ ಕಿವಿಗೆ ಬೀಳುವ ಮೊದಲೇ ನಮ್ಮ ಸಮಿತಿಯವರೇ ಪಟ್ಟಿಯಲ್ಲಿ ಆ ಹೆಸರಿಗೆ ಗೀಟು ಎಳೆದರು. ದುಡ್ಡು ಕೊಟ್ಟವರು ಬಾಯಿ ಬಿಡಲೇಬೇಕು ಅಂತಿಲ್ಲ ಪುಟ್ಟಿ. ಅಷ್ಟು ಹೊತ್ತಿಗೆ ಗಿರಣಿಯವರ ಹತ್ತಿರ ಹೋಗಿ ಕೇಳುವ ಅಭ್ಯಾಸವೂ ನಮಗೆ ತಪ್ಪಿಹೋಗಿತ್ತು.

ನೀನಿರುವ ಅಮೆರಿಕದ ಮಿನಿಯಾಪೊಲಿಸ್‌ನಲ್ಲೇ, ನೀನು ಹೋಗುವ ಮುಂಚೆ ನಡೆದದ್ದೊಂದಿದೆ. ದೊಡ್ಡ ದೊಡ್ಡ ಅಂಗಡಿಗಳನ್ನು ನಡೆಸುವ ಟಾರ್ಗೆಟ್ ಕಂಪನಿಯ ಮುಖ್ಯ ಕಚೇರಿ ಅಲ್ಲೇ ಅಲ್ವಾ? (ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕಿನಲ್ಲೂ ಅವರ ಆಫೀಸಿದೆ. ಎದುರುಮನೆ ಹುಡುಗ ಅಲ್ಲೇ ಕೆಲಸ ಮಾಡೋದು, ಈ ಸುದ್ದಿ ಹೇಳಿದ್ದೂ ಅವನೇ.) ಸಲಿಂಗಿಗಳೂ ಅವರ ಜೊತೆಗಿರುವವರೂ ಸೇರಿ ಆಚರಿಸುವ ಅಲ್ಲಿನ ಟ್ವಿನ್ ಸಿಟೀಸ್ ಪ್ರೈಡ್ ಹಬ್ಬಕ್ಕೆ ಅವರು ವರ್ಷಗಟ್ಟಲೆ ಹಣ ಕೊಟ್ಟವರು. 2020ರಲ್ಲಿ ಅದೇ ಊರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದವನು ಪೊಲೀಸರ ಕೈಯಲ್ಲಿ ಕೊಲೆಯಾದ ಮೇಲೆ, ಎಲ್ಲರನ್ನೂ ಒಳಗೊಳ್ಳುತ್ತೇವೆ ಎಂದು ದೊಡ್ಡದಾಗಿ ಗುರಿ ಹಾಕಿಕೊಂಡಿದ್ದರು. 2025ರ ಜನವರಿಯಲ್ಲಿ ಟ್ರಂಪ್ ಮತ್ತೆ ಅಧಿಕಾರಕ್ಕೆ ಬಂದ ವಾರವೇ ಆ ಗುರಿಗಳಿಗೆ ಮಂಗಳ ಹಾಡಿದರು. ಪ್ರೈಡ್‌ನವರು, ಹಾಗಾದರೆ ನಿಮ್ಮ ಹಣ ನಮಗೆ ಬೇಡ ಅಂದುಬಿಟ್ಟರು. ಬಿಟ್ಟುಕೊಟ್ಟದ್ದು 50,000 ಡಾಲರ್. ಒಂದೆರಡು ದಿನದಲ್ಲೇ ಜನ ಅದಕ್ಕಿಂತ ಜಾಸ್ತಿ ಕೂಡಿಸಿ ಕೊಟ್ಟರು.

ಆ ವರ್ಷ ನ್ಯೂಯಾರ್ಕ್ ಪ್ರೈಡ್‌ಗೆ ಇದೇ ಕಂಪನಿ ಹಣ ಕೊಟ್ಟಿತು, ಹೆಸರು ಮಾತ್ರ ಹಾಕಿಸಿಕೊಳ್ಳಲಿಲ್ಲ. ನಮ್ಮಲ್ಲಿ ಗುಪ್ತದಾನ ಮಾಡೋದು ಪುಣ್ಯಕ್ಕೆ, ಅಲ್ಲಿ ಭಯಕ್ಕೆ ಅಂತ ಕಾಣುತ್ತೆ!

ಎಲ್ಲ ಊರಲ್ಲೂ ಜನ ಹಾಗೆ ಕೈಯೆತ್ತಿ ಕೊಡುವುದಿಲ್ಲ, ಒಪ್ಪಿದೆ. ಅದೇ 2025ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪ್ರೈಡ್‌ನಿಂದ ಕಾಮ್‌ಕಾಸ್ಟ್‌ನಂಥ ದೊಡ್ಡ ಕಂಪನಿಗಳು ತಾವಾಗಿಯೇ ಹಿಂದೆ ಸರಿದವು, ಅಲ್ಲಿಯವರು ಹಣಕ್ಕೆ ಪರದಾಡಿದರು. ಸ್ನೇಹಿತರು ಅಂದುಕೊಂಡವರೇ ಗಾಳಿ ಬಂದ ಕಡೆ ವಾಲಿದರೆ, ನಿಮ್ಮನ್ನು ಕಂಡರಾಗದವರ ಹಣದ ಮೇಲೆ ವರ್ಷದ ಕೆಲಸ ಕಟ್ಟಿಕೊಳ್ಳೋದು ಹೇಗೆ?

ಹಣ ತಗೊಂಡು ಹತ್ತಿರವಾದರೆ ಅವರ ಮನಸ್ಸೂ ಬದಲಾಗಬಹುದು ಅಂತ ನಿನ್ನ ಗೆಳತಿ ಹೇಳಿದಳಂತಲ್ಲ, ಅದರ ಬಗ್ಗೆ ತುಂಬಾ ಯೋಚಿಸಿದೆ. ನ್ಯೂಯಾರ್ಕಿನಲ್ಲಿ ಐರಿಷ್ ಜನರ ಸೇಂಟ್ ಪ್ಯಾಟ್ರಿಕ್ಸ್ ಡೇ ಹಬ್ಬದ ಮೆರವಣಿಗೆಯಲ್ಲಿ ಸಲಿಂಗಿಗಳು ತಮ್ಮ ಬ್ಯಾನರ್ ಹಿಡಿದು ನಡೆಯುವಂತಿರಲಿಲ್ಲ. 2014ರಲ್ಲಿ ಗಿನ್ನೆಸ್, ಹೈನೆಕೆನ್ ಎಂಬ ಬಿಯರ್ ಕಂಪನಿಗಳು ಇದೇ ಕಾರಣಕ್ಕೆ ಪ್ರಾಯೋಜಕತ್ವ ವಾಪಸ್ ತಗೊಂಡವು. 2015ರಲ್ಲಿ ಮೊದಲ ಸಲ ಅಂಥ ಒಂದು ಗುಂಪು ಅಲ್ಲಿ ನಡೆಯಿತು. ಅದೊಂದೇ ಕಾರಣ ಅಂತ ಹೇಳಲಾರೆ. ಆದರೆ ನೋಡು, ಅಲ್ಲಿ ಕೊಡುವವರ ಮಾತಿಗೆ ತಗೊಳ್ಳುವವರು ಬಗ್ಗಿದರು. ತಗೊಂಡವರ ಮಾತಿಗೆ ಕೊಟ್ಟವರು ಬಗ್ಗಿದ್ದನ್ನು ನಾನಂತೂ ನೋಡಿಲ್ಲ.

ಇನ್ನೊಂದು. ಆ ಇಬ್ಬರು ಅಮ್ಮಂದಿರನ್ನು ಮೀಟಿಂಗ್‌ನಲ್ಲಿ ಎಲ್ಲರೆದುರು ಕೇಳಬೇಡಿ. ಅಷ್ಟು ಜನರ ಮುಂದೆ ‘ಪರವಾಗಿಲ್ಲ’ ಅನ್ನದೆ ಇನ್ನೇನು ಹೇಳಿಯಾರು? ಆಮೇಲೆ ಒಂದು ಶನಿವಾರ ಬರುವುದಿಲ್ಲ, ಮುಂದಿನ ಶನಿವಾರವೂ ಇಲ್ಲ. ಕಾರಣ ಯಾರಿಗೂ ಹೇಳುವುದಿಲ್ಲ. ತೀರ್ಮಾನ ನೀವು ಮಾಡಿ, ಅವರ ತಲೆಗೆ ಕಟ್ಟಬೇಡಿ.

ಹಾಗಂತ ಆ ಸಂಸ್ಥೆಯ ಜನರನ್ನು ಬಾಗಿಲಾಚೆ ನಿಲ್ಲಿಸು ಅನ್ನುತ್ತಿಲ್ಲ. ಅವರಲ್ಲಿ ಯಾರಾದರೂ ಮಕ್ಕಳಿಗೆ ಕತೆ ಓದಿ ಹೇಳುತ್ತೇನೆ ಅಂತ ಬಂದರೆ ಕುರ್ಚಿ ಹಾಕಿ ಕೂರಿಸು. ಆ ಮಗು ಅವರ ಪಕ್ಕದಲ್ಲೇ ಕೂತುಕೊಳ್ಳಲಿ. ಮನಸ್ಸು ಬದಲಾಗುವುದಿದ್ದರೆ ಅಲ್ಲಿ ಆಗಲಿ.

ಇನ್ನು ಖರ್ಚಿನ ವಿಷಯ. ನೀನು ಕಳಿಸಿದ ಪಟ್ಟಿಯಲ್ಲಿ ಜಾಸ್ತಿ ಹೋಗುವುದು ಹಾಲ್ ಬಾಡಿಗೆ, ಆಮೇಲೆ ಟೀ-ಶರ್ಟು. ಪುಸ್ತಕ ಓದೋದಕ್ಕೆ ಟೀ-ಶರ್ಟ್ ಯಾಕೆ? ಅದನ್ನು ಹೊಡೆದುಹಾಕು. ಲೈಬ್ರರಿಯಲ್ಲಿ ಬಿಟ್ಟಿ ಜಾಗ ಸಿಗುತ್ತಾ ವಿಚಾರಿಸು. ಉಳಿದದ್ದಕ್ಕೆ ಪ್ರತಿ ಮನೆಯವರ ಹತ್ತಿರ ಆದಷ್ಟು ಕೇಳಿ, ಐದೇ ಡಾಲರ್ ಆಗಲಿ, ರಸೀದಿ ಕೊಡಿ. ಮೊದಲ ರಸೀದಿ ನನ್ನ ಹೆಸರಿಗೆ ಬರೆ. ದುಡ್ಡು ಹೇಗೆ ಕಳಿಸಬೇಕು ಅಂತ ಭಾನುವಾರ ಫೋನ್ ಮಾಡಿದಾಗ ಹೇಳು.

ನಿನ್ನ
ಅಮ್ಮ