ಬಸ್ಯಾ, ನಿನ್ನ ಪಿಂಚಣಿ ನನ್ನದಕ್ಕಿಂತ ಜಾಸ್ತಿ

ಬಸು,

ನಿನ್ನ ಪಿಎಫ್ ಪಾಸ್‌ಬುಕ್ಕಿನ ಫೋಟೊ ನೋಡಿದೆ. ಹೆಸರಿನಲ್ಲಿ ಒಂದು 'ಎ' ಕಡಿಮೆ ಬಿದ್ದಿದೆ, ಅಷ್ಟೇ. ಆಧಾರ್‌ನಲ್ಲಿ ಇದ್ದಂತೆ ತಿದ್ದಿಸಲು ಜಂಟಿ ಅರ್ಜಿ ಇದೆ. ನೀನೂ ನಿಮ್ಮ ಆಫೀಸಿನವರೂ ಸೇರಿ ಕೊಡಬೇಕು. ಈಗಲೇ ಮಾಡಿಸು. ರಿಟೈರ್ ಆದ ಮೇಲೆ ಒಂದು ಅಕ್ಷರಕ್ಕಾಗಿ ಅಲೆದಾಡುವುದು ಬೇಡ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನಗೀಗ ನಾಲ್ಕು ಜನರ ಮುಂದೆ ಬರೆಯುವ ಚಟ ಹತ್ತಿದೆ. ಲೈಕ್ ಕೊಡುವವರಲ್ಲಿ ಅರ್ಧ ಜನ ನಮ್ಮ ಕ್ಲಾಸಿನವರೇ. ಹಾಗಾಗಿ ಹಳದಿ ಛತ್ರಿಯ ಸುದ್ದಿ ಎತ್ತುವುದಿಲ್ಲ, ಹೆದರಬೇಡ. ನೀನೂ ನನ್ನನ್ನು ಕಾಡಿಸಲು ಕೆಳಗೆ 'ಎಲ್ಲಿಗೆ ಬಂತು ಗೋಕಾಕ' ಅಂತ ಬರೆಯಬಾರದು. ನ್ಯಾಯ ಅಂದ್ರೆ ನ್ಯಾಯ.

ವಿಷಯ ಏನೆಂದರೆ, ನಿನ್ನ ಪಾಸ್‌ಬುಕ್ಕಿನ ಕೊನೆಯ ಕಾಲಂ. ಪಿಂಚಣಿಗೆ ಅಂತ ಪ್ರತಿ ತಿಂಗಳೂ 1,250 ರೂಪಾಯಿ. ಅದನ್ನು ನೋಡಿ ಸುಮ್ನೆ ಕುತೂಹಲಕ್ಕೆ ನನ್ನದನ್ನೂ ತೆಗೆದೆ. ಇಷ್ಟು ವರ್ಷ ಅದನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ನನ್ನದರಲ್ಲೂ 1,250! ಹಿಂದಕ್ಕೆ ಹೋದರೆ 2014ರ ಆಗಸ್ಟ್‌ವರೆಗೆ 541. ನಿನ್ನದರಲ್ಲೂ 541.

ನೂರ ಎಂಬತ್ತು ಜನರನ್ನು ಕೂರಿಸಿಕೊಂಡು ಆಕಾಶದಲ್ಲಿ ಹೋಗುವ ಪೈಲಟ್ ನನಗೂ, ಹುಬ್ಬಳ್ಳಿಯಿಂದ ಶಿರಸಿಗೆ ಬಸ್ಸಿನಲ್ಲಿ ಐವತ್ತು ಜನರನ್ನು ಒಯ್ಯುವ ಡ್ರೈವರ್ ನಿನಗೂ ಒಂದೇ ಅಂಕಿ. ಪಿಂಚಣಿಯ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಸರ್ಕಾರ 15,000ದ ಮಿತಿ ಹಾಕಿದೆ. ಅದಕ್ಕೂ ಮುಂಚೆ 6,500 ಇತ್ತು, ಆ ವರ್ಷಗಳಿಗೆ ಆ ಮಿತಿಯದೇ ಲೆಕ್ಕ. ಆ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸು, ಅದೇ ಪಿಂಚಣಿ. ಇಪ್ಪತ್ತು ವರ್ಷ ದಾಟಿದ್ದಕ್ಕೆ ಎರಡು ವರ್ಷ ಪುಕ್ಕಟೆ ಸೇರಿಸುತ್ತಾರೆ. ದೆಹಲಿಯ ಹೋಟೆಲ್ ರೂಮಿನಲ್ಲಿ ಕೂತು ಇಬ್ಬರದ್ದೂ ಲೆಕ್ಕ ಹಾಕಿದೆ. 58 ತುಂಬಿದಾಗ ನನಗೆ ತಿಂಗಳಿಗೆ ಐದೂವರೆ ಸಾವಿರದ ಚಿಲ್ಲರೆ. ನೀನು 2001ರಲ್ಲೇ ಸ್ಟೀರಿಂಗ್ ಹಿಡಿದವನು, ನಾನು ಕೆಲಸಕ್ಕೆ ಸೇರಿದ್ದು 2006ರಲ್ಲಿ. ಹಾಗಾಗಿ ನಿನಗೆ ಆರು ಸಾವಿರದ ಮೇಲೆ. ಸುಪ್ರೀಂ ಕೋರ್ಟಿನ 2022ರ ತೀರ್ಪು ಹಿಡಿದು ನೀನು ಹೆಚ್ಚಿನ ಪಿಂಚಣಿಗೆ ಹಾಕಿದ ಅರ್ಜಿ ಪಾಸಾದರಂತೂ ನಾನು ನಿನ್ನ ಹತ್ತಿರ ಕೈಗಡ ಕೇಳಲು ಬರಬೇಕಾಗುತ್ತದೆ.

ನನ್ನ ಪಕ್ಕದ ಸೀಟಿನಲ್ಲಿ ಕೂರುವ ಹುಡುಗರ ಕಥೆ ಇನ್ನೂ ಚೆನ್ನಾಗಿದೆ. 2014ರ ಸೆಪ್ಟೆಂಬರ್ ನಂತರ ಹೊಸದಾಗಿ ಸೇರಿ, 15,000ಕ್ಕಿಂತ ಜಾಸ್ತಿ ಬೇಸಿಕ್ ಇದ್ದವರಿಗೆ ಈ ಪಿಂಚಣಿ ಇಲ್ಲವೇ ಇಲ್ಲ. ಅವರಲ್ಲಿ ಒಬ್ಬನಿಗೆ ಇದನ್ನು ಹೇಳಿದೆ. 'ಸರ್, ನಾನು ಮ್ಯೂಚುವಲ್ ಫಂಡ್ ಮಾಡ್ತೀನಿ' ಅಂದ. ಇಪ್ಪತ್ತಾರು ವರ್ಷ ಅವನಿಗೆ. ಆ ವಯಸ್ಸಿನಲ್ಲಿ ನನಗೂ ಮುಪ್ಪು ಬೇರೆ ಯಾರಿಗೋ ಬರುವುದು ಅನ್ನಿಸಿತ್ತು.

ಇಷ್ಟು ಓದಿದವರು 'ಪೈಲಟ್‌ಗೆ ಏನ್ರೀ ಕಡಿಮೆ' ಅಂತ ಕೇಳುತ್ತಾರೆ. ಕೇಳಲಿ. ಸಂಬಳ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದು ಬರುವ ರೀತಿ ಬೇರೆ. ಬೇಸಿಕ್ ಸಣ್ಣದು. ಉಳಿದದ್ದೆಲ್ಲ ಅಲವನ್ಸ್, ಅದರಲ್ಲೂ ಹಾರಿದ ಗಂಟೆಯ ಲೆಕ್ಕದ್ದೇ ಜಾಸ್ತಿ. 2020ರಲ್ಲಿ ಮಾರ್ಚ್ 25ರಿಂದ ಮೇ 24ರವರೆಗೆ ದೇಶದೊಳಗೆ ಒಂದೂ ಪ್ಯಾಸೆಂಜರ್ ವಿಮಾನ ಹಾರಲಿಲ್ಲ. ಗಂಟೆ ಸೊನ್ನೆ. ಆಮೇಲೆ ಬಂದದ್ದು ಸಂಬಳವಿಲ್ಲದ ರಜೆ. ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಗ್ರಾಚ್ಯುಟಿಯದ್ದೂ ಅದೇ ಕಥೆ. ವರ್ಷಕ್ಕೆ 15 ದಿನದ ಸಂಬಳ ಅನ್ನುತ್ತದೆ ಕಾನೂನು. ಆ ಸಂಬಳ ಅಂದರೆ ಇಷ್ಟು ದಿನ ಬೇಸಿಕ್ ಮತ್ತು ಡಿಎ ಮಾತ್ರ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಒಟ್ಟು ಸಂಬಳದ ಅರ್ಧವನ್ನಾದರೂ ಹಿಡಿಯಲೇಬೇಕು. ಒಳ್ಳೆಯದೇ ಆಯಿತು. ಆದರೂ 20 ಲಕ್ಷದ ಮೇಲೆ ಕೊಡುವುದು ಬಿಡುವುದು ಕಂಪನಿಯ ಮರ್ಜಿ.

ಕೆಲಸದ ಭದ್ರತೆ ಕೇಳು. ವಿಮಾನಯಾನವನ್ನು ನಿಯಂತ್ರಿಸುವ ಡಿಜಿಸಿಎಯ 2017ರ ನಿಯಮದ ಪ್ರಕಾರ ಕ್ಯಾಪ್ಟನ್ ಕೆಲಸ ಬಿಡಬೇಕಾದರೆ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. ಕೋ-ಪೈಲಟ್ ಆದರೆ ಆರು ತಿಂಗಳು. ನಾವು ಥಟ್ಟನೆ ಬಿಟ್ಟು ಹೋದರೆ ಪ್ರಯಾಣಿಕರಿಗೆ ತೊಂದರೆ, ಒಪ್ಪಿದೆ. ಆದರೆ ಕಂಪನಿಯೇ ಥಟ್ಟನೆ ನಿಂತರೆ? 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ 'ಇವತ್ತು ರಾತ್ರಿಯದೇ ಕೊನೆಯ ವಿಮಾನ' ಅಂತ ಹೇಳಿತು. ಗೋ ಫಸ್ಟ್ 2023ರ ಮೇ 2ರಂದು ದಿವಾಳಿ ಅರ್ಜಿ ಹಾಕಿತು, 3ರಿಂದ ಹಾರಾಟ ಬಂದ್. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಅಂತೂ ತಿಂಗಳುಗಟ್ಟಲೆ ಸಂಬಳ ಬಾಕಿ ಇಟ್ಟುಕೊಂಡೇ 2012ರ ಅಕ್ಟೋಬರ್‌ನಲ್ಲಿ ನಿಂತುಹೋಯಿತು. 2003ರಲ್ಲಿ ಏರ್ ಡೆಕ್ಕನ್‌ನ ಮೊದಲ ವಿಮಾನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದಿದ್ದು ನೆನಪಿದೆಯಲ್ಲ? ನನ್ನ ತಲೆ ಕೆಟ್ಟಿದ್ದೇ ಅವತ್ತು. ಆ ಡೆಕ್ಕನ್ ಕೂಡ ಕೊನೆಗೆ ಸೇರಿಕೊಂಡಿದ್ದು ಇದೇ ಕಿಂಗ್‌ಫಿಷರ್ ಹೊಟ್ಟೆಗೆ.

ಜೆಟ್‌ನವರ ಪಿಎಫ್, ಗ್ರಾಚ್ಯುಟಿ ಕೊಡಲೇಬೇಕು ಅಂತ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ 2022ರಲ್ಲಿ ಹೇಳಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಜೆಟ್ ಕೊಳ್ಳಲು ಮುಂದೆ ಬಂದವರು ದುಡ್ಡು ಕೊಡದೆ ಎಳೆದಾಡಿ, 2024ರ ನವೆಂಬರ್‌ನಲ್ಲಿ ಕೋರ್ಟು ಕಂಪನಿಯ ಆಸ್ತಿಯನ್ನೇ ಮಾರಿ ಸಾಲ ತೀರಿಸಿ ಅಂದಿತು. ಗೆದ್ದರು, ಆದರೆ ಗೆಲ್ಲುವಷ್ಟರಲ್ಲಿ ಎಷ್ಟು ಜನರ ಮಕ್ಕಳ ಕಾಲೇಜು ಮುಗಿದಿತ್ತೋ.

ನಮಗೆ ಸಂಘ ಇಲ್ಲ, ಬಸು. ನನ್ನ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಸೋಷಿಯಲ್ ಮೀಡಿಯಾದಲ್ಲಿ ಏನು ಬರೆಯಬಾರದು ಅಂತ ನಮಗೊಂದು ದಪ್ಪ ಪುಸ್ತಕವೇ ಇದೆ. ಸಂಘದ ಬದಲು ಒಂದು ವಾಟ್ಸಾಪ್ ಗ್ರೂಪ್ ಇದೆ. ಅಲ್ಲಿ ರೋಸ್ಟರ್ ಬಗ್ಗೆ ಬೈಗುಳ, ಹುಟ್ಟುಹಬ್ಬದ ಕೇಕು. ಯಾರಾದರೂ 'ಎಲ್ಲರೂ ಸೇರಿ ಒಂದು ಪತ್ರ ಕೊಡೋಣ' ಅಂದರೆ ಗ್ರೂಪೇ ಮೌನ. ಅದನ್ನು ಯಾರು ಮೇಲಕ್ಕೆ ಕಳಿಸುತ್ತಾರೋ ಗೊತ್ತಿಲ್ಲವಲ್ಲ.

2009ರಲ್ಲಿ ಜೆಟ್‌ನವರು ಸಂಘ ಕಟ್ಟಿದರು. ಇಬ್ಬರನ್ನು ಕೆಲಸದಿಂದ ತೆಗೆದರು. ಸೆಪ್ಟೆಂಬರ್ 8ರಿಂದ ನೂರಾರು ಪೈಲಟ್‌ಗಳಿಗೆ ಒಟ್ಟಿಗೇ ಹುಷಾರು ತಪ್ಪಿತು! ಐದು ದಿನಕ್ಕೆ ರಾಜಿಯಾಗಿ, ತೆಗೆದವರು ವಾಪಸ್ ಬಂದರು. ಹಾಗಂತ ಆ ಸಂಘ 2019ರಲ್ಲಿ ಕಂಪನಿಯನ್ನು ಉಳಿಸಿತಾ? ಇಲ್ಲ. ದುಡ್ಡೇ ಇಲ್ಲದ ಕಡೆ ಸಂಘ ಏನು ಮಾಡೀತು. ಇದನ್ನೇ ಹಿಡಿದುಕೊಂಡು ನಾನು ವರ್ಷಗಟ್ಟಲೆ ನಿನ್ನ ಜೊತೆ ವಾದ ಮಾಡಿದ್ದೆ. ಈಗ ಆ ವಾದದಲ್ಲಿ ಅರ್ಧ ದಮ್ಮು ಹೋಗಿದೆ. ಯಾಕೆಂದರೆ ಈಗ ನನಗೆ ವಾರಕ್ಕೆ 36ರ ಬದಲು 48 ಗಂಟೆ ವಿಶ್ರಾಂತಿ ಅಂತ ನಿಯಮ ಬಂದಿದೆಯಲ್ಲ, ಅದು ಜಾರಿಗೆ ಬಂದಿದ್ದು ಪೈಲಟ್ ಸಂಘಗಳು ದೆಹಲಿ ಹೈಕೋರ್ಟಿನಲ್ಲಿ ಪಟ್ಟು ಹಿಡಿದಿದ್ದಕ್ಕೆ. ನಾನು ಆ ಸಂಘಗಳಿಗೆ ಒಂದು ರೂಪಾಯಿ ಚಂದಾ ಕೊಟ್ಟವನಲ್ಲ. ಯಾರದೋ ಚಂದಾದಲ್ಲಿ ನನಗೆ ನಿದ್ದೆ.

ಈಗ ನಿಜವಾದ ವಿಷಯ. ಪಿಂಚಣಿಯ ಲೆಕ್ಕ ಹಾಕಲು ಕೂತಿದ್ದು ಕುತೂಹಲಕ್ಕೆ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ.

ಹೋದ ತಿಂಗಳು ಮೆಡಿಕಲ್ ಇತ್ತು. ನಮಗೆ ವರ್ಷಕ್ಕೊಮ್ಮೆ ಅದು ಪಾಸಾಗಲೇಬೇಕು, ಇಲ್ಲದಿದ್ದರೆ ಲೈಸೆನ್ಸ್ ಬರೀ ಕಾಗದ. ಬಿಪಿ ನೋಡಿದ ಡಾಕ್ಟರ್ ಪಟ್ಟಿ ಬಿಚ್ಚಿ, 'ಸ್ವಲ್ಪ ಹೊತ್ತು ಹೊರಗೆ ಕೂತಿರಿ, ಇನ್ನೊಮ್ಮೆ ನೋಡೋಣ' ಅಂದರು. ಕೂತೆ. ಎದುರಿಗೆ ಒಂದು ಫ್ಯಾನ್, ಒಂದು ಹೃದಯದ ಚಿತ್ರ. ಎಂಜಿನ್ ಕೆಟ್ಟರೆ ಏನು ಮಾಡಬೇಕು ಅಂತ ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಪರೀಕ್ಷೆ ಕೊಡುತ್ತೇನೆ. ಅಲ್ಲಿ ಕೈ ನಡುಗುವುದಿಲ್ಲ. ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಡುಗಿತು. 65ರವರೆಗೆ ಹಾರಬಹುದು ಅಂತ ಕಾಗದದಲ್ಲಿ ಇದೆ. ಸಾಲದ ಕಂತುಗಳನ್ನೂ ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ. 49ಕ್ಕೇ ಅನ್‌ಫಿಟ್ ಅಂದುಬಿಟ್ಟರೆ?

ನಿಮ್ಮಲ್ಲಿ ಕಣ್ಣು ಕೈಕೊಟ್ಟ ಡ್ರೈವರ್‌ಗೆ ಡಿಪೋದಲ್ಲಿ ಬೇರೆ ಕೆಲಸ ಕೊಡುತ್ತಾರೆ ಅಂತ ನೀನೇ ಹೇಳಿದ್ದೆ. ಅದು ಯಾರ ಕರುಣೆಯೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು. ಖಾಸಗಿ ಕಂಪನಿಗೆ ಆ ಕಟ್ಟುಪಾಡಿಲ್ಲ. ನಮಗಿರುವುದು ಲೈಸೆನ್ಸ್ ಹೋದರೆ ದುಡ್ಡು ಕೊಡುವ ಒಂದು ವಿಮೆ. ಅದರ ಷರತ್ತುಗಳನ್ನು ಆ ರಾತ್ರಿಯೇ ಓದಿದೆ. ಬಿಪಿ ಇನ್ನೂ ಏರಿತು.

ಆ ಕುರ್ಚಿಯಲ್ಲಿ ಕೂತಾಗ ನೆನಪಾಗಿದ್ದು ಏನು ಗೊತ್ತಾ? ಹೆಂಡತಿ, ಮಗಳು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ನೆನಪಾಗಿದ್ದು ನಿಮ್ಮ ಮನೆಯ ಪಡಸಾಲೆ. 2021ರ ಏಪ್ರಿಲ್‌ನ ಬಸ್ ಮುಷ್ಕರ. ಎರಡು ವಾರ ಬಸ್ ಇಲ್ಲ, ನಿನಗೆ ಸಂಬಳ ಇಲ್ಲ. ನಾನು ಊರಿಗೆ ಬಂದಿದ್ದೆ. ನಿನ್ನ ಕೈಗೆ ಒಂದಿಷ್ಟು ದುಡ್ಡು ಇಡೋಣ ಅಂತ ಲಕೋಟೆ ಹಿಡಿದು ಬಂದರೆ, ಆಗಲೇ ಪಡಸಾಲೆಯಲ್ಲಿ ಅಕ್ಕಿ ಚೀಲ, ಎಣ್ಣೆ ಡಬ್ಬಿ. ಹೊರಗೆ ಕಟ್ಟೆಯ ಮೇಲೆ ಏಳೆಂಟು ಜನ. ವೈನಿ ಚಹಾ ಮಾಡಿ ಮಾಡಿ ಸುಸ್ತಾಗಿದ್ದರು. ನೀನು ಅವರ ನಡುವೆ ಕೂತು ಜೋರಾಗಿ ಯಾರನ್ನೋ ಬೈಯುತ್ತಿದ್ದೆ. ಲಕೋಟೆಯನ್ನು ನಾನು ಜೇಬಿನಿಂದ ತೆಗೆಯಲೇ ಇಲ್ಲ.

ಅವತ್ತು ನನಗೆ ಆಗಿದ್ದು ಮರುಕ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಹೊಟ್ಟೆಕಿಚ್ಚು ಕಣೋ ಅದು. ಸಂಬಳ ನಿಂತವನ ಮೇಲೆ! ನನ್ನ ಲೈಸೆನ್ಸ್ ಹೋದರೆ ಗ್ರೂಪಿನಲ್ಲಿ ಕೈ ಮುಗಿಯುವ ಚಿತ್ರ ಮೂವತ್ತು ಬರುತ್ತವೆ. ನಲವತ್ತೂ ಬರಬಹುದು, ಒಳ್ಳೆಯ ಹುಡುಗರು. ಆದರೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತಿ ಹದಿಮೂರನೇ ಮಹಡಿಗೆ ಅಕ್ಕಿ ಚೀಲ ಹೊತ್ತು ಯಾರು ಬರುತ್ತಾರೆ? ಬಿಪಿಯ ಈ ಕಥೆ ಮನೆಯಲ್ಲಿ ಇನ್ನೂ ಹೇಳಿಲ್ಲ. ಈಗ ಹೇಳಿದ ಹಾಗಾಯಿತು. ಅವಳು ನನ್ನ ಬರಹ ಓದುವುದಿಲ್ಲ ಅನ್ನೋ ಧೈರ್ಯದ ಮೇಲೆ ಬರೆದಿದ್ದೇನೆ.

ಸಾಕು. ಗಾಬರಿಯಾಗಬೇಡ, ಎರಡನೇ ಸಲ ನೋಡಿದಾಗ ಬಿಪಿ ಮಿತಿಯೊಳಗೆ ಇತ್ತು. ಫಿಟ್ ಅಂತ ಬರೆದು ಕಳಿಸಿದರು. ಉಪ್ಪು ಬಿಡಿ ಅಂದರು. ಉಪ್ಪಿನಕಾಯಿ ಅಂದಿಲ್ಲ, ಅದಕ್ಕೆ ಅದು ನಡೆದಿದೆ.

ಮುಂದಿನ ತಿಂಗಳು ಹುಬ್ಬಳ್ಳಿಗೆ ಬರುತ್ತೇನೆ. ನಿಮ್ಮ ಸಂಘದ ರಸೀದಿ ಪುಸ್ತಕ ಹಿಡಿದು ತಿರುಗುತ್ತಾರಲ್ಲ, ಆ ಕಾಕಾ ಅವರ ಹತ್ತಿರ ಒಂದು ಗಂಟೆ ಕೂರಬೇಕು. ಜನರನ್ನು ಹೇಗೆ ಕೂಡಿಸುತ್ತಾರೆ, ಮೊದಲ ಚಂದಾ ಹೇಗೆ ಕೇಳುತ್ತಾರೆ, ಅಷ್ಟು ತಿಳಿದುಕೊಂಡರೆ ಸಾಕು. ನಾನು ಮುಂದಾಳು ಆಗುತ್ತೇನೆ ಅಂತ ಅಲ್ಲ ಮಾರಾಯ. ಮೈಕ್ ಕೊಟ್ಟರೆ ನನ್ನ ಬಾಯಲ್ಲಿ ಬರುವುದು 'ಸೀಟ್ ಬೆಲ್ಟ್ ಕಟ್ಟಿಕೊಳ್ಳಿ' ಅಂತ ಮಾತ್ರ.

ನಿನ್ನ,
ಮೂರನೇ ಬೆಂಚಿನ ಪೈಲಟ್

ತಾ.ಕ.: ವಿಮಾನದ ಟಿಕೆಟ್ಟಿಗೆ ರಿಯಾಯಿತಿ ಕೇಳಿ ಮೆಸೇಜ್ ಮಾಡುವ ಬಂಧುಗಳಿಗೆ ಮತ್ತೊಮ್ಮೆ ಹೇಳುತ್ತೇನೆ, ಅದು ನನ್ನ ಕೈಯಲ್ಲಿ ಇಲ್ಲ. ಶಿರಸಿ ಬಸ್ಸಿಗೆ ಬೇಕಾದರೆ ಬಸುವನ್ನು ಕೇಳಿ. ಸೀಟು ಹಿಡಿದಿಡುತ್ತಾನೆ, ದುಡ್ಡು ಮಾತ್ರ ಪೂರ್ತಿ ಕೊಡಬೇಕು.