ಮರಳುಗಾಡಿನ ತಪಸ್ವಿಗಳ ಹದ

ಮಾನ್ಯ ಸಂಪಾದಕರೇ,

ಈಜಿಪ್ಟಿನ ಆದಿ ಕ್ರೈಸ್ತ ಸನ್ಯಾಸಿಗಳನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು ಉಪವಾಸ, ಜಾಗರಣೆ, ಏಕಾಂತಗಳ ವರ್ಣನೆಯಲ್ಲೇ ಮುಗಿದಿರುವುದರಿಂದ, ಮೈಯನ್ನು ದಂಡಿಸುವುದೇ ಅವರ ಗುರಿಯಾಗಿತ್ತೆಂಬ ಭಾವನೆ ಓದುಗರಲ್ಲಿ ಮೂಡುವಂತಿದೆ. ನಾಲ್ಕನೆಯ ಶತಮಾನದಲ್ಲಿ ನೈಟ್ರಿಯಾ, ಕೆಲ್ಲಿಯಾ, ಸ್ಕೀಟಿಸ್‌ಗಳ ಮರಳುಗಾಡಿನಲ್ಲಿ ಒಣ ರೊಟ್ಟಿ, ಉಪ್ಪು ತಿಂದು ಬುಟ್ಟಿ ಹೆಣೆದು ಬದುಕಿದ ಆ ಜನ ಹೊಟ್ಟೆಯನ್ನು ಕಟ್ಟಿದ್ದು ನಿಜವಾದರೂ, ಅವರು ಹಗಲಿರುಳು ಕಾವಲು ಕಾದದ್ದು ಮನಸ್ಸಿನಲ್ಲಿ ಎದ್ದು ದಾರಿ ತಪ್ಪಿಸುವ ಯೋಚನೆಗಳಿಗೆ.

ಕಾನ್‌ಸ್ಟಾಂಟಿನೋಪಲಿನ ಚರ್ಚಿನಲ್ಲಿ ಹೆಸರು ಮಾಡಿ, ಆಮೇಲೆ ಎಲ್ಲವನ್ನೂ ಬಿಟ್ಟು ಬಂದ ಇವಾಗ್ರಿಯಸ್ (ನಿಧನ 399) ಇಂಥ ಯೋಚನೆಗಳನ್ನು ಎಂಟಾಗಿ ಗುರುತಿಸಿದ. ಅವುಗಳಲ್ಲಿ ಅತ್ಯಂತ ಭಾರವಾದದ್ದೆಂದು ಅವನು ಹೇಳುವುದು ‘ಅಸೀಡಿಯಾ’ ಎಂಬ ಬೇಸರವನ್ನು. ನಡುಹಗಲಲ್ಲಿ ಅದು ಹಿಡಿದ ಸನ್ಯಾಸಿಗೆ ಸೂರ್ಯ ನಿಂತಲ್ಲೇ ನಿಂತಂತೆ, ದಿನಕ್ಕೆ ಐವತ್ತು ಗಂಟೆ ಇರುವಂತೆ ತೋರುತ್ತದೆ. ಊಟದ ಹೊತ್ತಾಯಿತೇ ಎಂದು ಮತ್ತೆ ಮತ್ತೆ ಹೊರಗೆ ಇಣುಕುತ್ತಾನೆ, ಯಾರಾದರೂ ಬರುತ್ತಿದ್ದಾರೆಯೇ ಎಂದು ದಾರಿ ನೋಡುತ್ತಾನೆ, ಕೊನೆಗೆ ಆ ಜಾಗವೂ ಕೈಯಲ್ಲಿನ ಕೆಲಸವೂ ಅವನಿಗೆ ಹೇಸಿಗೆಯಾಗುತ್ತವೆ. ಮೂವತ್ತು ವರ್ಷ ಕಡತಗಳ ಮುಂದೆ ಕುಳಿತು ಗಡಿಯಾರ ನೋಡಿದ ನನಗೆ ಇದಕ್ಕೆ ವ್ಯಾಖ್ಯಾನ ಬೇಕಾಗಲಿಲ್ಲ. ಮದ್ದೂ ಸರಳವೇ: ಗುಡಿಸಲು ಬಿಟ್ಟು ಏಳಬೇಡ. ಏಳು ಮಹಾಪಾಪಗಳ ಪಟ್ಟಿ ಬೈಬಲಿನದೆಂದು ಬಹಳ ಮಂದಿ ತಿಳಿದಿದ್ದಾರೆ; ಅದರ ಬೇರು ಇರುವುದು ಈ ಎಂಟರಲ್ಲಿ, ಅದನ್ನು ಏಳಕ್ಕೆ ಇಳಿಸಿದವನು ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗರಿ.

ಇನ್ನು ಪರರ ತಪ್ಪೆಣಿಸುವ ಚಟದ ಬಗ್ಗೆ ಅವರು ಎಷ್ಟು ಕಟ್ಟುನಿಟ್ಟಾಗಿದ್ದರೆಂಬುದು ಲೇಖನದಲ್ಲಿ ಬಂದೇ ಇಲ್ಲ. ಸ್ಕೀಟಿಸ್‌ನಲ್ಲಿ ತಪ್ಪು ಮಾಡಿದ ಒಬ್ಬ ಸನ್ಯಾಸಿಯ ವಿಚಾರಣೆಗೆ ಕರೆ ಬಂದಾಗ, ಹಿಂದೆ ದರೋಡೆಕೋರನಾಗಿದ್ದ ಅಬ್ಬಾ (ಎಂದರೆ ತಂದೆ) ಮೋಸೆಸ್ ಸೋರುವ ಕೊಡದಲ್ಲಿ ನೀರು ತುಂಬಿ ಹೊತ್ತುಕೊಂಡು ಹೋದರಂತೆ. ಇದೇನೆಂದು ಕೇಳಿದವರಿಗೆ, ನನ್ನ ಪಾಪಗಳು ಹೀಗೆ ಬೆನ್ನ ಹಿಂದೆ ಸೋರುತ್ತಿವೆ, ನನಗೆ ಕಾಣುತ್ತಿಲ್ಲ, ಆದರೂ ಇನ್ನೊಬ್ಬನಿಗೆ ತೀರ್ಪು ಕೊಡಲು ಬಂದಿದ್ದೇನೆ ಎಂದರು. ವಿಚಾರಣೆ ಅಲ್ಲಿಗೇ ನಿಂತಿತು.

ಲೇಖನದಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲದಿರುವುದು ನನ್ನ ಇನ್ನೊಂದು ಆಕ್ಷೇಪ. ಹಿರಿಯ ಸನ್ಯಾಸಿನಿಯರನ್ನು ಅಲ್ಲಿ ಕರೆಯುತ್ತಿದ್ದದ್ದು ‘ಅಮ್ಮಾ’ ಎಂದೇ. ಕನ್ನಡದವರು ಅದನ್ನು ಅನುವಾದಿಸುವ ಅಗತ್ಯವೂ ಇಲ್ಲ. ಸೈತಾನನೂ ತಪಸ್ಸು ಮಾಡಿಸುತ್ತಾನೆ, ದೈವಿಕ ತಪಸ್ಸನ್ನು ಅದರ ಹದದಿಂದಲೇ ಗುರುತಿಸಬೇಕು ಎಂದು ಕಲಿಸಿದ ಅಮ್ಮಾ ಸಿಂಕ್ಲೆಟಿಕಾ ಅವರಿಗೆ ಪುರವಣಿಯ ಮುಂದಿನ ಸಂಚಿಕೆಯಲ್ಲಾದರೂ ಜಾಗ ಕೊಡಬೇಕಾಗಿ ವಿನಂತಿ.

ಇತಿ,
ನಿವೃತ್ತ ಗುಮಾಸ್ತ, ಮಂಗಳೂರು